ನಡುವೆ ಸ್ಟೇಜ್ ಇಲ್ಲ

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ಕೇಳಿದರೆ ಹೆಚ್ಚುಕಡಿಮೆ ಒಂದು ಗಂಟೆ ಎಂದು ಬರುತ್ತದೆ. ಅದರ ಕೆಳಗೆ ದೂರ, ಅದರ ಕೆಳಗೆ ಒಂದು ನಕ್ಷೆ. ನಕ್ಷೆಯಲ್ಲಿ ಎರಡು ಚುಕ್ಕಿ, ನಡುವೆ ಸ್ವಲ್ಪ ಬಾಗಿದ ಒಂದು ಗೆರೆ, ಅಷ್ಟೇ. ಆ ಗೆರೆಯ ಕೆಳಗೆ ಎಲ್ಲೋ ಬೆಳಗೋಡಿದೆ, ಬೆಳಗೋಡಿನಿಂದ ಒಳಗೆ ನಮ್ಮೂರಿದೆ, ನಮ್ಮೂರಿನಲ್ಲಿ ನಾನಿದ್ದೇನೆ. ಇದನ್ನು ನಾನು ದಿನಾ ನೋಡುತ್ತೇನೆ. ಹಲ್ಲು ಬಿದ್ದ ಜಾಗಕ್ಕೆ ನಾಲಗೆ ಹೋಗುತ್ತದಲ್ಲ, ಹಾಗೆ ಬೆರಳು ಅಲ್ಲಿಗೇ ಹೋಗುತ್ತದೆ.

ನಾನು ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಹೆಚ್ಚು ವರ್ಷ ದುಡಿದದ್ದು ಇದೇ ಬೆಂಗಳೂರು–ಮಂಗಳೂರು ದಾರಿಯಲ್ಲಿ. ನೆಲಮಂಗಲ, ಕುಣಿಗಲ್, ಯಡಿಯೂರು, ಹಿರಿಸಾವೆ, ಚನ್ನರಾಯಪಟ್ಟಣ, ಹಾಸನ, ಬಾಳ್ಳುಪೇಟೆ, ಸಕಲೇಶಪುರ, ದೋಣಿಗಾಲು, ಮಾರನಹಳ್ಳಿ, ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ. ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದೆ, ಯಾವುದರಿಂದ ಯಾವುದಕ್ಕೆ ಎಷ್ಟು ಕಿಲೋಮೀಟರು ಎಂದು. ಊರಿನವರು ಎಲ್ಲಿಗೆ ಹೊರಡುವುದಿದ್ದರೂ ನಮ್ಮ ಮನೆ ಜಗಲಿಗೆ ಬಂದು ಕೇಳಿಕೊಂಡು ಹೋಗುತ್ತಿದ್ದರು. ನಾನು ಹೇಳಿದ ಹೊತ್ತಿಗೆ ಐದು ನಿಮಿಷ ಆಚೀಚೆ ಆಗುತ್ತಿತ್ತೇ ಹೊರತು ಅದಕ್ಕಿಂತ ಹೆಚ್ಚಲ್ಲ. ಆ ಹೆಮ್ಮೆ ನನಗಿತ್ತು. ಇನ್ನೊಬ್ಬರಿಗೆ ಹೊಲವಿರುತ್ತದೆ, ಹಣವಿರುತ್ತದೆ, ನನಗಿದ್ದದ್ದು ಕಿಲೋಮೀಟರು.

ನನ್ನ ಹೆಂಡತಿಗೆ ಇದು ತಮಾಷೆ. "ದೇವ್ರು ನಿಮ್ಮನ್ನ ಕರ್ಕೊಳಕ್ಕೆ ಬಂದ್ರೂ ಎಷ್ಟ್ ಕಿಲೋಮೀಟ್ರು ಅಂತ ಕೇಳ್ತೀರ ಕಣ್ರೀ" ಎನ್ನುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಎರಡು ಎಕರೆ ಕಾಫಿ, ಅದರ ಅಂಚಿಗೆ ಒಂದು ತುಂಡು ಗದ್ದೆ. ನಾನು ಬಸ್ಸಿನಲ್ಲಿ ಇರುತ್ತಿದ್ದುದರಿಂದ ಅದೆಲ್ಲ ಅವಳದೇ. ಪಕ್ಕದ ಮನೆಯಲ್ಲಿ ಅವಳ ತಮ್ಮ. ನನ್ನನ್ನು ಮದುವೆಯಾದ ಮೇಲೆ ಅಪ್ಪನ ಮನೆಯ ಪಕ್ಕದಲ್ಲೇ ಜಾಗ ಮಾಡಿಕೊಂಡಳು ಎಂದು ಊರವರು ಆಡಿಕೊಂಡರು. ನಾನೇ ಒಪ್ಪಿ ಬಂದದ್ದು. ತಿಂಗಳಿನ ಅರ್ಧದಷ್ಟು ದಿನಗಳನ್ನು ಬಸ್ಸಿನಲ್ಲಿ ಕಳೆಯುವವನಿಗೆ ಹೆಂಡತಿಯ ಪಕ್ಕದಲ್ಲಿ ಅವಳ ತಮ್ಮನಿದ್ದರೆ ಒಂದು ಧೈರ್ಯ.

ದಿನಾ ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ನಮ್ಮ ಕಣದ ಮೇಲಿಂದ ಒಂದು ವಿಮಾನ ಹೋಗುತ್ತದೆ. ಮೂಡಲಿಂದ ಪಡುವಲಿಗೆ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವುದೇ ಇರಬೇಕು. ಕಾಫಿ ಒಣಗಿಸುವ ಹೆಂಗಸರಿಗೆಲ್ಲ ಅದು ಗಡಿಯಾರ; ಅದು ಹೋಯಿತೆಂದರೆ ಎಲ್ಲರೂ ಕೈ ಬಿಟ್ಟು ಕಾಫಿ ಕುಡಿಯಲು ಕೂರುತ್ತಿದ್ದರು. ಇವಳು ಕೂರುತ್ತಿರಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಅದು ಕಾಣೆಯಾಗುವವರೆಗೆ ನಿಂತಿರುತ್ತಿದ್ದಳು. ನಾನು ನಿವೃತ್ತನಾದ ದಿನ, ಏನು ಬೇಕು ಕೇಳು ಎಂದೆ. ಕಿವಿಗೆ ಓಲೆ ಕೇಳುತ್ತಾಳೆ ಎಂದುಕೊಂಡಿದ್ದೆ. "ಒಂದ್ಸಲ ಅದ್ರಲ್ಲಿ ಕೂರಿಸ್ರಿ" ಎಂದು ಆಕಾಶ ತೋರಿಸಿದಳು.

ಕೂರಿಸಿದೆ. ಆ ಪ್ರಯಾಣದ ಕಥೆ ಹೇಳಿದರೆ ಈಗಲೂ ಊರವರು ನಗುತ್ತಾರೆ. ಬೆಳಗಿನ ಬಸ್ಸು ಹತ್ತಿ ಬೆಂಗಳೂರು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ವಿಮಾನ ನಿಲ್ದಾಣ, ಅಲ್ಲಿ ಎರಡು ಗಂಟೆ ಚೀಲ ತೋರಿಸುತ್ತಾ, ಬೆಲ್ಟು ಬಿಚ್ಚುತ್ತಾ, ಸಾಲಿನಲ್ಲಿ ನಿಲ್ಲುತ್ತಾ. ಇಷ್ಟೆಲ್ಲ ಆದ ಮೇಲೆ ವಿಮಾನ ಮೇಲೆದ್ದದ್ದು ಗೊತ್ತಾಗಲಿಲ್ಲ, ಇಳಿಯಲು ಶುರುವಾಯಿತು. ಮಧ್ಯೆ ಒಂದು ಹೊತ್ತಿನಲ್ಲಿ ನಾನು ಗಡಿಯಾರ ನೋಡಿ, ಈಗ ಹಾಸನ ದಾಟಿರಬೇಕು, ಈಗ ನಮ್ಮೂರು ಎಂದೆ. ಕೆಳಗೆ ಬರೀ ಮೋಡ. ಅವಳು ಗಾಜಿಗೆ ಮೂಗು ಒತ್ತಿ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ರೀ, ಹೋಲ್ಡಾನ್ ಅನ್ರೀ, ನಮ್ಮೂರು ಬಂತು!" ಎಂದಳು. ಮುಂದಿನ ಸೀಟಿನವರು ತಿರುಗಿ ನೋಡಿದರು. "ಇದ್ರಲ್ಲಿ ನಡುವೆ ಸ್ಟೇಜ್ ಇಲ್ಲ ಕಣೇ" ಎಂದೆ. "ಸ್ಟೇಜ್ ಇಲ್ದಿರೋ ಗಾಡಿ ಎಂಥಾ ಗಾಡಿ" ಎಂದು ನಕ್ಕಳು.

ಮಂಗಳೂರಿನಲ್ಲಿ ಇಳಿದು ಮತ್ತೆ ಬಸ್ಸು ಹಿಡಿದು ಘಾಟಿ ಹತ್ತಿ ಮನೆಗೆ ಬರುವಾಗ ಕತ್ತಲಾಗಿತ್ತು. ನಮ್ಮ ಮನೆಯ ಮೇಲೆ ಒಂದು ಸಲ ಹಾರಿ ಬರಲು ಒಂದು ಇಡೀ ದಿನ. ಅವಳಿಗೆ ಬೇಸರವೇ ಇಲ್ಲ. ನನಗೆ ಮಾತ್ರ ಒಳಗೊಳಗೇ ಏನೋ ಕುಸಿದ ಹಾಗಿತ್ತು. ಇಪ್ಪತ್ತೊಂಬತ್ತು ವರ್ಷ ನಿಂತುಕೊಂಡು, ಚಿಲ್ಲರೆ ಎಣಿಸಿ, ವಾಂತಿ ತೊಳೆಸಿ, ಮಳೆಗಾಲದಲ್ಲಿ ಘಾಟಿಯಲ್ಲಿ ಉಪವಾಸ ಕೂತು ಸವೆಸಿದ ದಾರಿಯನ್ನು ಆ ಗಾಡಿ ಒಂದು ಲೋಟ ಜ್ಯೂಸು ಕುಡಿಯುವುದರೊಳಗೆ ನುಂಗಿತ್ತು.

ಇನ್ನು ಅವಳ ಒಂದು ಅಭ್ಯಾಸ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಮನೆದೇವರು ವೀರಭದ್ರ. ಊರ ಬಾಯಲ್ಲೇ, ರಸ್ತೆ ಪಕ್ಕದ ದಿಬ್ಬದ ಮೇಲೆ ಗುಡಿ. ಅಲ್ಲಿ ಪ್ರಸಾದ ಕೇಳುವ ರೂಢಿಯಿದೆ. ಪೂಜಾರಿ ದೇವರ ಎರಡು ಭುಜದ ಮೇಲೂ ಒದ್ದೆ ಹೂವು ಇಡುತ್ತಾನೆ. ಕೇಳುವವರು ಕಣ್ಣುಮುಚ್ಚಿ ಮನಸ್ಸಿನಲ್ಲೇ ಕೇಳಿಕೊಳ್ಳಬೇಕು, ಬಾಯಿಬಿಟ್ಟು ಹೇಳುವಂತಿಲ್ಲ. ಬಲಗಡೆಯ ಹೂವು ಬಿದ್ದರೆ ಅಪ್ಪಣೆಯಾಯಿತು. ಎಡಗಡೆಯದು ಬಿದ್ದರೆ ಬೇಡ ಎಂದು. ಯಾವ ಕಡೆ ಬಿತ್ತೆಂದು ಪೂಜಾರಿ ಕೇಳಿದವರಿಗೆ ಬಿಟ್ಟು ಇನ್ನೊಬ್ಬರಿಗೆ ಹೇಳುವಂತಿಲ್ಲ. ಇವಳು ಹಸು ಕೊಳ್ಳುವುದಕ್ಕೂ ಪ್ರಸಾದ ಕೇಳಿದಳು, ಬಾವಿ ತೋಡಿಸುವುದಕ್ಕೂ ಕೇಳಿದಳು. ನನ್ನನ್ನು ಮದುವೆಯಾಗುವುದಕ್ಕೂ ಕೇಳಿದ್ದಳಂತೆ. "ಬಲಕ್ಕೆ ಕೊಟ್ಟ, ಇಲ್ದಿದ್ರೆ ಕಂಡಕ್ಟ್ರನ್ನ ಯಾರು ಕಟ್ಕೋತಿದ್ರು" ಎಂದು ನನ್ನ ಮುಖಕ್ಕೇ ಹೇಳುತ್ತಿದ್ದಳು. ನಾನು ನಂಬುವವನಲ್ಲ. ಹೂವು ಒದ್ದೆಯಿದ್ದರೆ ಅಂಟಿಕೊಳ್ಳುತ್ತದೆ, ಒಣಗಿದರೆ ಬೀಳುತ್ತದೆ, ಅದಕ್ಕೆ ದೇವರು ಯಾಕೆ ಎಂದು ರೇಗಿಸುತ್ತಿದ್ದೆ. ಅವಳ ತಮ್ಮ ಮಾತ್ರ ಅಕ್ಕನಿಗಿಂತ ಒಂದು ಹೆಜ್ಜೆ ಮುಂದೆ. ಪ್ರತಿ ಸೋಮವಾರ ಗುಡಿಗೆ ಎಣ್ಣೆ ಹೊತ್ತುಕೊಂಡು ಹೋಗುತ್ತಿದ್ದವನು ಅವನು. ಅವನ ಕಾರಿನ ಮುಂದೆ ವೀರಭದ್ರನ ಪಟ. ಗಾಡಿ ಸ್ಟಾರ್ಟ್ ಮಾಡುವ ಮೊದಲು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ.

ಹೋದ ವರ್ಷ ಕಾಫಿ ಕೊಯ್ಲು ಶುರುವಾಗುವ ಮುಂಚೆ ಅವಳಿಗೆ ಬೆನ್ನಿನ ಮೇಲ್ಭಾಗದಲ್ಲಿ ನೋವು. ಹಾಸನದಲ್ಲಿ ತೋರಿಸಿದೆವು. ಎದೆಯಿಂದ ಹೊರಡುವ ದೊಡ್ಡ ರಕ್ತನಾಳ ಒಂದು ಕಡೆ ಊದಿಕೊಂಡಿದೆ, ಆಪರೇಷನ್ ಬೇಕು, ಅದು ದೊಡ್ಡ ಊರಿನಲ್ಲೇ ಆಗಬೇಕು ಎಂದರು ಡಾಕ್ಟರು. ಮಾತ್ರೆ ಕೊಟ್ಟರು. ಜೊತೆಗೆ ಒಂದು ಮಾತನ್ನು ನನ್ನ ಕಡೆ ನೋಡಿ ಎರಡು ಸಲ ಹೇಳಿದರು: ಒಂದು ವೇಳೆ ಅದಕ್ಕೆ ಮುಂಚೆಯೇ ಬೆನ್ನಿನಲ್ಲಿ ಸೀಳಿದಂಥ ನೋವು ಬಂದರೆ ಇಲ್ಲಿಗೆ ಬಂದು ಹೊತ್ತು ಕಳೆಯಬೇಡಿ. ಬೆಂಗಳೂರೋ ಮಂಗಳೂರೋ, ಯಾವುದು ಬೇಗ ತಲುಪುತ್ತದೋ ಅಲ್ಲಿಗೆ ಹೋಗಿಬಿಡಿ. ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಯಾವುದು ಬೇಗ? ಇದು ನನ್ನನ್ನು ಕೇಳಬೇಕಾದ ಪ್ರಶ್ನೆಯೇ. ಸಕಲೇಶಪುರದಿಂದ ಮಂಗಳೂರು ನೂರಮೂವತ್ತರ ಹತ್ತಿರ. ಬೆಂಗಳೂರು ಇನ್ನೂರು ದಾಟುತ್ತದೆ, ಅದರ ಮೇಲೆ ಊರೊಳಗಿನ ಟ್ರಾಫಿಕ್ಕು. ಕೂಡಿ ಕಳೆದರೂ, ಹೇಗೆ ತಿರುಗಿಸಿದರೂ ಮಂಗಳೂರೇ. ಮಳೆಗಾಲವಾಗಿದ್ದರೆ ಘಾಟಿ ಜರಿಯುವ ಭಯ. ಈಗ ಚಳಿಗಾಲ, ರಸ್ತೆ ಒಣಗಿದೆ. ನಾನು ಅವಳಿಗೆ ಬೆರಳು ಮಡಚಿ ಹೇಳಿದೆ. ಅವಳು ಎಲ್ಲ ಕೇಳಿ, "ನೋವು ಬಂದ್ರಲ್ವಾ? ಆವತ್ತು ಪ್ರಸಾದ ಕೇಳಾನ. ಅವ್ನು ಯಾವ ಕಡೆ ಹೇಳ್ತಾನೋ ಆ ಕಡೆ" ಎಂದಳು. ಆಪರೇಷನ್ನಿಗೆ ಯಾವಾಗ ಹೋಗೋಣ ಎಂದರೆ, "ಕೊಯ್ಲು ಮುಗೀಲಿ ಕಣ್ರೀ, ಕಾಯಿ ನೆಲಕ್ಕೆ ಉದುರ್ತೈತೆ." ನಾನು ಒತ್ತಾಯ ಮಾಡಲಿಲ್ಲ. ಅದೂ ನನ್ನ ತಪ್ಪಿನ ಪಟ್ಟಿಯಲ್ಲಿದೆ, ಆದರೆ ಅದು ಪಟ್ಟಿಯ ಕೆಳಗಿನದು.

ಕೊಯ್ಲಿನ ಕೊನೆಯ ವಾರ ಬಂತು ನೋವು. ಬೆಳಗ್ಗೆ ಏಳೂವರೆ. ಒಲೆಯ ಮುಂದಿನಿಂದ ಎದ್ದವಳು ಗೋಡೆ ಹಿಡಿದು ನಿಂತಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಭಾವಮೈದುನನನ್ನು ಕೂಗಿದೆ, ಕಾರು ತಂದ. ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಕೂರಿಸಿದೆವು. ಮಲಗಿದರೆ ನೋವು ಹೆಚ್ಚಾಗುತ್ತಿತ್ತು. ಊರ ಬಾಯಿಗೆ ಬರುತ್ತಲೇ ಅವಳು ಕೈ ಎತ್ತಿ, "ನಿಲ್ಸೋ" ಎಂದಳು ತಮ್ಮನಿಗೆ. ಗುಡಿಯ ಬಾಗಿಲು ತೆರೆದಿತ್ತು.

"ಲೇ, ಈಗ ಬೇಡ ಕಣೇ" ಎಂದೆ.

"ಎರಡೇ ನಿಮಿಷ. ಕೇಳ್ಕೊಂಡ್ ಬನ್ರಿ. ನೀವೇ ಕೇಳ್ರಿ."

ಭಾವಮೈದುನ, "ಹೋಗ್ಬನ್ನಿ ಭಾವ, ನಾನು ಅಕ್ಕನ ಹತ್ರ ಇರ್ತೀನಿ" ಎಂದ. ಓಡಿದೆ. ಪೂಜಾರಿ ಮುದುಕ, ಆಗ ತಾನೇ ಅಭಿಷೇಕ ಮುಗಿಸಿದ್ದ. ಏನು ಎತ್ತ ಎಂದು ಕೇಳಲಿಲ್ಲ. ಹೂವಿಟ್ಟು, "ಮನಸ್ನಲ್ಲಿ ಕೇಳ್ಕಳಿ" ಎಂದ. ನಾನು ಕಣ್ಣು ಮುಚ್ಚಿದೆ. ಮಂಗಳೂರಿಗೆ ಹೋಗಲಾ ಎಂದು ಕೇಳಿದೆ. ಕಣ್ಣು ತೆರೆಯುವಷ್ಟರಲ್ಲಿ ಎಡಗಡೆಯ ಹೂವು ಜಾರಿ ದೇವರ ಪಾದದ ಹತ್ತಿರ ಬಿತ್ತು. ಹೊಸ ಹೂವು, ನೀರು ತೊಟ್ಟಿಕ್ಕುತ್ತಿದ್ದ ಹೂವು.

"ಎಡಕ್ಕೆ ಕೊಟ್ಟೌನೆ" ಎಂದ ಪೂಜಾರಿ. "ಇನ್ನೊಂದ್ಸಲ ಕೇಳ್ತೀರಾ?"

ಹೊತ್ತಿಲ್ಲ ಎಂದೆ. ಗುಡಿಯ ಮೆಟ್ಟಿಲು ಒಟ್ಟು ಹದಿನಾಲ್ಕು. ಆ ಹದಿನಾಲ್ಕು ಮೆಟ್ಟಿಲು ಇಳಿಯುವಾಗ ನಾನು ಯೋಚಿಸಿದ್ದು ಏನು ಎಂದು ಈಗ ಎಷ್ಟು ಸಲ ಇಳಿದು ನೋಡಿದರೂ ಒಂದೇ: ಎಪ್ಪತ್ತು, ಎಂಬತ್ತು ಕಿಲೋಮೀಟರು ಹೆಚ್ಚು. ಒಂದು ಹೂವಿನ ಮಾತು ಕೇಳಿ ಅಷ್ಟು ದೂರ ಹೆಚ್ಚು ಹೋಗುವುದೇ? ಒಂದೊಂದು ಗಂಟೆಯೂ ಲೆಕ್ಕ ಎಂದಿದ್ದಾರೆ ಡಾಕ್ಟರು. ಕಾರಿನ ಬಾಗಿಲು ತೆಗೆದೆ. ಅವಳು ನನ್ನ ಮುಖ ನೋಡುತ್ತಿದ್ದಳು.

"ಬಲಕ್ಕೆ ಕೊಟ್ಟ. ಮಂಗಳೂರು" ಎಂದೆ.

ಅವಳು ಗುಡಿಯ ಕಡೆ ತಿರುಗಿ ಕೈ ಮುಗಿದಳು. ಭಾವಮೈದುನ ಪಟ ಮುಟ್ಟಿ ಕಣ್ಣಿಗೊತ್ತಿಕೊಂಡ. ಹೆದ್ದಾರಿಗೆ ಬಂದು ಕಾರು ಬಲಕ್ಕೆ ತಿರುಗಿತು. ಎಡಕ್ಕೆ ತಿರುಗಿದ್ದರೆ ಬೆಂಗಳೂರು.

ಸಕಲೇಶಪುರ ದಾಟಿದೆವು, ದೋಣಿಗಾಲು ದಾಟಿದೆವು. ರಸ್ತೆ ಸಲೀಸಾಗಿತ್ತು. ನಾನು ಗಡಿಯಾರ ನೋಡುತ್ತಾ, ಇಷ್ಟೊತ್ತಿಗೆ ಗುಂಡ್ಯ, ಇಷ್ಟೊತ್ತಿಗೆ ಉಪ್ಪಿನಂಗಡಿ, ಹನ್ನೊಂದೂವರೆಗೆ ಆಸ್ಪತ್ರೆ ಬಾಗಿಲು ಎಂದು ಲೆಕ್ಕ ಹಾಕುತ್ತಿದ್ದೆ. ನನ್ನ ಲೆಕ್ಕ ಸರಿಯಾಗಿದೆ ಎಂಬ ಸಂತೋಷ, ಹೌದು ಸಂತೋಷವೇ, ಆ ಹೊತ್ತಿನಲ್ಲೂ ನನ್ನೊಳಗೆ ಇತ್ತು. ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ. ಮಾರನಹಳ್ಳಿ ಕಳೆದು ಇಳಿಜಾರು ಹಿಡಿದು ಸ್ವಲ್ಪ ದೂರ ಹೋಗಿದ್ದೇವೆ, ಮುಂದೆ ಲಾರಿಗಳ ಸಾಲು. ನಿಂತಿವೆ. ಡ್ರೈವರುಗಳು ಕೆಳಗಿಳಿದು ಬೀಡಿ ಹಚ್ಚಿದ್ದಾರೆ. ಘಾಟಿಯಲ್ಲಿ ಓಡಾಡಿದವರಿಗೆ ಗೊತ್ತು: ಡ್ರೈವರು ಸೀಟಿನಲ್ಲಿದ್ದರೆ ದಾರಿ ಬಿಡುತ್ತದೆ, ಕೆಳಗಿಳಿದು ಕೂತರೆ ಇಲ್ಲ.

ಭಾವಮೈದುನ ಮುಂದೆ ಓಡಿಹೋಗಿ ನೋಡಿಕೊಂಡು ಬಂದ. ತಿರುವಿನಲ್ಲಿ ಒಂದು ಟ್ಯಾಂಕರ್ ಅಡ್ಡ ಬಿದ್ದಿದೆ. ಒಳಗೆ ಏನಿದೆಯೋ, ಸೋರುತ್ತಿದೆ, ಅದರ ಹತ್ತಿರ ಯಾರೂ ಇಂಜಿನ್ ಸ್ಟಾರ್ಟ್ ಮಾಡಬಾರದು, ಮುಂದೆ ಬರಬಾರದು ಎಂದು ಪೊಲೀಸರು ತಡೆದಿದ್ದಾರೆ. ಆಂಬುಲೆನ್ಸು ಆ ಕಡೆಯಿಂದ ಬರುವ ಹಾಗಿಲ್ಲ. ಹಿಂದೆ ಹೋಗೋಣ ಎಂದರೆ ಅಷ್ಟರಲ್ಲಿ ನಮ್ಮ ಹಿಂದೆ ಎರಡು ಬಸ್ಸು, ಲಾರಿಗಳು, ಮತ್ತೆ ಲಾರಿಗಳು. ಒಂದು ಕಡೆ ಬಂಡೆ, ಒಂದು ಕಡೆ ಪ್ರಪಾತ. ಮೊಬೈಲಿನಲ್ಲಿ ಒಂದು ಗೆರೆ ಸಿಗ್ನಲ್ಲೂ ಇಲ್ಲ. ಭಾವಮೈದುನ ಹಿಂದಿನ ಒಂದೊಂದು ಲಾರಿಯವನಿಗೂ ಕೈಮುಗಿದು ಹೋದ. "ಅಕ್ಕ ಸಾಯ್ತಾವಳೆ ಅಣ್ಣ, ವಸಿ ಹಿಂದಕ್ ತಗಳಿ." ಅವರು ಪಾಪ ಏನು ಮಾಡುತ್ತಾರೆ? ಒಬ್ಬ ಎರಡು ಅಡಿ ಹಿಂದೆ ಸರಿದ. ಎರಡು ಅಡಿ.

ಇಂಜಿನ್ ಆರಿಸಿದ ಮೇಲೆ ಘಾಟಿ ನಿಶ್ಶಬ್ದವಾಯಿತು. ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ನೋವು ಬಂದಾಗ ಉಗುರು ನನ್ನ ಅಂಗೈಗೆ ಇಳಿಯುತ್ತಿತ್ತು. ಬಿಟ್ಟಾಗ ಮಾತಾಡುತ್ತಿದ್ದಳು. ನನ್ನ ಮುಖ ನೋಡಿ ನನಗೇ ಸಮಾಧಾನ ಹೇಳಿದಳು.

"ಹೆದರ್ಕೋಬೇಡಿ. ಬಲಕ್ಕೆ ಕೊಟ್ಟೌನಲ್ಲ, ದಾರಿ ಬಿಡ್ಸೇ ಬಿಡಿಸ್ತಾನೆ."

ಆಗ ಹೇಳಬಹುದಿತ್ತು. ಅವಳ ಕೈಯಲ್ಲಿ ಉಳಿದಿದ್ದದ್ದು ಅದೊಂದೇ ನಂಬಿಕೆ, ಅದನ್ನು ಹೇಗೆ ಕಸಿಯಲಿ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನಗೆ ಹೆದರಿಕೆಯಾಗಿತ್ತು. ಅವಳು ನನ್ನ ಕೈ ಬಿಟ್ಟುಬಿಟ್ಟರೆ ಎಂದು ಹೆದರಿಕೆ.

ಮೇಲೆ ಸದ್ದಾಯಿತು. ಕಾಡಿನ ಮರಗಳ ನಡುವಿನಿಂದ ಕಂಡದ್ದು ಒಂದು ಚೂರು ಆಕಾಶ, ಆ ಚೂರಿನಲ್ಲಿ ಅಡ್ಡ ಹಾದುಹೋಯಿತು ಅದು. ನಮ್ಮ ಕಣದ ಮೇಲೆ ಹೋಗುವ ಹತ್ತೂವರೆಯ ವಿಮಾನ. ಇನ್ನು ಕಾಲು ಗಂಟೆಯಲ್ಲೋ ಇಪ್ಪತ್ತು ನಿಮಿಷದಲ್ಲೋ ಮಂಗಳೂರಿನಲ್ಲಿ ಇಳಿಯುತ್ತದೆ. ನಾವು ಮನೆ ಬಿಟ್ಟಾಗ ಬೆಂಗಳೂರಿನಲ್ಲಿ ಇನ್ನೂ ಚೀಲ ತೋರಿಸುತ್ತಾ ಸಾಲಿನಲ್ಲಿ ನಿಂತಿದ್ದವರು ಅದರಲ್ಲಿದ್ದಾರು. ಅವಳು ಕತ್ತೆತ್ತಲಾರದೆ ಕಣ್ಣು ಮಾತ್ರ ಮೇಲೆ ಮಾಡಿದಳು. ನಕ್ಕಳು.

"ಹೋಲ್ಡಾನ್ ಅನ್ರೀ" ಎಂದಳು.

ನಾನು ಅಂದೆ. ನಿಜವಾಗಿಯೂ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಪ್ಪತ್ತೊಂಬತ್ತು ವರ್ಷ ಕೂಗಿದ ಗಂಟಲಿನಲ್ಲಿ ಹೋಲ್ಡಾನ್ ಎಂದು ಕೂಗಿದೆ. ಬೀಡಿ ಸೇದುತ್ತಿದ್ದವರು ಹುಚ್ಚನನ್ನು ನೋಡುವ ಹಾಗೆ ನೋಡಿದರು. ಅದಾದ ಮೇಲೆ ಅವಳು ಮಾತಾಡಲಿಲ್ಲ. ಹನ್ನೊಂದು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಕೈಯ ಹಿಡಿತ ತಾನಾಗಿ ಸಡಿಲವಾಯಿತು.

ದಾರಿ ತೆರೆದದ್ದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ನಾವು ಮೂವರೂ ಕಾರಿನಲ್ಲೇ ಇದ್ದೆವು. ಆಮೇಲೆ ತಿರುಗಿಸಿಕೊಂಡು ಊರಿಗೆ ಬಂದೆವು. ನಮ್ಮಲ್ಲಿ ಹೋದವರನ್ನು ಕೂರಿಸಿಯೇ ಮಣ್ಣು ಮಾಡುವುದು. ದೇಹ ಸೆಡೆಯುವ ಮೊದಲು ಕೂರಿಸಬೇಕು. ಅವಳು ಕೂತೇ ಹೋಗಿದ್ದಳು, ಕೂತೇ ಮನೆಗೆ ಬಂದಳು. ಹಿರಿಯರೊಬ್ಬರು ಅದನ್ನು ನೋಡಿ, "ಪುಣ್ಯವಂತೆ, ಯಾರಿಗೂ ತೊಂದ್ರೆ ಕೊಡ್ಲಿಲ್ಲ" ಎಂದರು. ಎಲ್ಲರೂ ಹೌದು ಹೌದು ಎಂದರು.

ಅಂದು ಬೆಂಗಳೂರಿನ ದಾರಿ ಹೇಗಿತ್ತು ಎಂದು ನಾನು ವಿಚಾರಿಸಬಾರದಿತ್ತು. ವಿಚಾರಿಸಿದೆ. ನನ್ನ ಜೊತೆ ಕೆಲಸ ಮಾಡಿದವನೊಬ್ಬ ಈಗಲೂ ಡ್ಯೂಟಿಯಲ್ಲಿದ್ದಾನೆ. ಆ ಬೆಳಗ್ಗೆ ಎಂಟೂಕಾಲಿಗೆ ಬಾಳ್ಳುಪೇಟೆ ದಾಟಿದ ಬಸ್ಸಿನ ಕಂಡಕ್ಟರ್ ಅವನೇ. ಫೋನಿನಲ್ಲಿ ಕೇಳಿದೆ. "ಆವತ್ತಾ? ರೋಡು ಖಾಲಿ ಮಾರಾಯ. ಹನ್ನೆರಡೂವರೆಗೆ ಹೋಗಿ ನಿಂತ್ಬುಟ್ಟಿದ್ದೆ. ಯಾಕೆ?" ಎಂದ. ಸುಮ್ಮನೆ ಎಂದೆ. ಬಸ್ಸೇ ಹನ್ನೆರಡೂವರೆಗೆ. ಕಾರಾದರೆ ಅದಕ್ಕೂ ಮೊದಲು. ಅವಳು ಹೋದದ್ದು ಹನ್ನೊಂದರ ಮೇಲೆ, ಹಾಗಾಗಿ ಎಡಕ್ಕೆ ಹೋಗಿದ್ದರೂ ದಾರಿಯಲ್ಲೇ ಹೋಗುತ್ತಿದ್ದಳೋ ಏನೋ. ಆ ಬಿಸಿಲಿನಲ್ಲಿ ಎರಡು ಗಂಟೆ ಕಾಯಿಸದೆ, ಹೆದರಿಸದೆ, ಸರಾಗ ಹೋಗುತ್ತಿದ್ದರೆ ಉಳಿದಿರುತ್ತಿದ್ದಳೋ ಏನೋ. ಹಾಸನದ ಡಾಕ್ಟರನ್ನೂ ಹೋಗಿ ಕೇಳಿದೆ. ಹೇಳಲಾಗುವುದಿಲ್ಲ ಎಂದರು. ಆ 'ಹೇಳಲಾಗುವುದಿಲ್ಲ'ದ ಮೇಲೆ ನಾನು ದಿನವೂ ಮಲಗಿ ಏಳುತ್ತೇನೆ.

ಇಷ್ಟಾದರೆ ಇದು ನನ್ನೊಬ್ಬನ ದುಃಖ. ಹೇಗೋ ಹೊತ್ತುಕೊಂಡು ಹೋಗುತ್ತಿದ್ದೆ. ಆದರೆ ಭಾವಮೈದುನನಿದ್ದಾನೆ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅವನು ನನ್ನ ಪಕ್ಕ ಬಂದು ಕೂತ. ಮೂರು ವರ್ಷದ ಕೆಳಗೆ ತಾನೊಂದು ಹರಕೆ ಹೊತ್ತಿದ್ದೆ, ಗುಡಿಗೆ ಹಿತ್ತಾಳೆ ದೀಪದ ಕಂಬ ಕೊಡುತ್ತೇನೆಂದು, ಕೊಡಲಿಲ್ಲ ಎಂದ. "ಅದ್ಕೇ ಭಾವ. ಅದ್ಕೇ ಅವ್ನು ಸುಳ್ಳು ಪ್ರಸಾದ ಕೊಟ್ಟ. ನನ್ ತಪ್ಪಿಗೆ ಅಕ್ಕನ್ನ ತಗಂಬುಟ್ಟ." ಹಾಗೆಲ್ಲ ಅಲ್ಲ ಎಂದೆ. ಅಷ್ಟೇ ಅಂದದ್ದು. ಮುಂದಿನ ವಾರವೇ ದೀಪದ ಕಂಬ ತಂದು ಕೊಟ್ಟು ಬಂದ. ಅಳುತ್ತಾ ಕೊಟ್ಟನಂತೆ. ಕೊಟ್ಟ ಮೇಲೆ ಅದೇನಾಯಿತೋ, ಆ ಅಳು ಸಿಟ್ಟಾಯಿತು. ಸೋಮವಾರ ಗುಡಿಗೆ ಹೋಗುವುದು ಬಿಟ್ಟ. ಕಾರಿನ ಮುಂದಿನ ಪಟ ಕಿತ್ತು ಕಾಫಿ ಸ್ಟೋರಿನ ಅಟ್ಟದ ಮೇಲೆ ಮೂಟೆಗಳ ಹಿಂದೆ ಎಸೆದ. ಕೊರಳಿನ ಲಿಂಗದ ಕರಡಿಗೆ ಬಿಚ್ಚಿ ಗೂಡಿನಲ್ಲಿಟ್ಟ. ಅವನ ಹೆಂಡತಿ ನನ್ನ ಹತ್ತಿರ ಬಂದು, "ಅಣ್ಣ, ನೀವು ಹೇಳಿದ್ರೆ ಕೇಳ್ತಾರೆ, ಒಂದ್ ಮಾತು ಹೇಳಿ" ಎಂದು ಕಣ್ಣೊರೆಸಿಕೊಂಡಳು.

ಹೋದೆ. ಅವನು ಅಂಗಳದಲ್ಲಿ ಮೆಣಸಿನ ಬಳ್ಳಿಗೆ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತದೆ ಹೇಳಿದ: "ಕಲ್ಲು ಕಣ್ ಭಾವ ಅದು. ನೀವು ಮೊದ್ಲಿಂದ ಹೇಳ್ತಿದ್ದಿದ್ದೇ ಸರಿ. ಒದ್ದೆ ಇದ್ರೆ ಅಂಟ್ಕೋತದೆ, ಒಣಗಿದ್ರೆ ಬೀಳ್ತದೆ. ನಾನೊಬ್ಬ ಮುಠ್ಠಾಳ, ಹುಟ್ಟಿದಾಗಿಂದ ಕಲ್ಲಿಗೆ ಎಣ್ಣೆ ಹೊತ್ತೆ."

ಅದು ಸುಳ್ಳು ಹೇಳಲಿಲ್ಲ ಮಾರಾಯ, ಸುಳ್ಳು ಹೇಳಿದ್ದು ನಾನು. ಈ ಒಂದು ವಾಕ್ಯ ಬಾಯಿಯವರೆಗೆ ಬಂತು. ಅದನ್ನು ಹೇಳಿದರೆ ಅವನಿಗೆ ಅವನ ದೇವರು ಸಿಗುತ್ತಾನೆ. ಅಕ್ಕನನ್ನು ಕೊಂದದ್ದು ತನ್ನ ಹರಕೆಯಲ್ಲ ಎಂದು ತಿಳಿಯುತ್ತದೆ. ನನಗೆ ಮಾತ್ರ ಅವನು ಇಲ್ಲವಾಗುತ್ತಾನೆ. ಈ ಊರಿನಲ್ಲಿ ನನಗೆಂದು ಉಳಿದಿರುವವನು ಅವನೊಬ್ಬನೇ. ಸಂಜೆ ತಟ್ಟೆ ತುಂಬ ರೊಟ್ಟಿ ಕಳಿಸುವವನು, ನನ್ನ ಪಾಲಿನ ಕಾಫಿಗೂ ತಾನೇ ನೀರು ಹಾಯಿಸುವವನು. ನಾನು ಹೋದರೆ ನನ್ನನ್ನು ಕೂರಿಸುವವನು. ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎನ್ನುತ್ತಾರೆ. ಸುಖ ಯಾರಿಗೆ ಬೇಕಾಗಿದೆ, ಸಂಜೆಗೆ ಒಂದು ರೊಟ್ಟಿ, ಒಂದು ಮಾತು ಸಾಕು ಎಂಬ ಸ್ಥಿತಿಗೆ ಬಂದಿದ್ದೇನೆ.

ಈ ಸಲದ ಕೊಯ್ಲೂ ಮುಗಿಯುತ್ತಾ ಬಂತು. ಅವಳ ವರ್ಷದ ಪೂಜೆ ಹತ್ತಿರವಾಗಿದೆ. ಪೂಜೆಗೆ ತಾನು ಕೂರುವುದಿಲ್ಲ, ಯಾವ ದೇವರ ಮುಂದೆಯೂ ಇನ್ನು ಬಗ್ಗುವುದಿಲ್ಲ ಎಂದು ಭಾವಮೈದುನ ಹೇಳಿಬಿಟ್ಟಿದ್ದಾನೆ. ಅಕ್ಕನ ಪೂಜೆಗೆ ತಮ್ಮನಿಲ್ಲ. ಅದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ಮೊನ್ನೆ ಬೆಳಗ್ಗೆ ಸ್ನಾನ ಮಾಡಿ, ಒಬ್ಬನೇ, ಆ ಹದಿನಾಲ್ಕು ಮೆಟ್ಟಿಲು ಹತ್ತಿದೆ. ಒಂದು ವರ್ಷದ ಮೇಲೆ. ಪೂಜಾರಿಗೆ ಈಗ ಕಣ್ಣು ಮಂದವಾಗಿದೆ, ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಪ್ರಸಾದ ಕೇಳ್ಬೇಕಿತ್ತು" ಎಂದೆ. ನಂಬುತ್ತೇನೆಯೇ? ಗೊತ್ತಿಲ್ಲ. ನಂಬದಿದ್ದರೆ 'ಎಡಕ್ಕೆ' ಎಂದ ಹೂವನ್ನು ನೆನೆದು ಒಂದು ವರ್ಷ ನಿದ್ದೆಗೆಟ್ಟದ್ದು ಯಾಕೆ? ಹೂವಿಟ್ಟ. ಕಣ್ಣು ಮುಚ್ಚಿದೆ. ಭಾವಮೈದುನನಿಗೆ ಹೇಳಲಾ ಎಂದು ಕೇಳಿದೆ.

ತಡವಾಗಲೇ ಇಲ್ಲ. ಕೇಳುವುದನ್ನೇ ಕಾಯುತ್ತಿದ್ದ ಹಾಗೆ ಬಲಗಡೆಯ ಹೂವು ಬಿತ್ತು.

"ಬಲಕ್ಕೆ ಕೊಟ್ಟೌನೆ. ಏನ್ ಕೇಳಿದ್ರೋ ಅದು ಆಯ್ತದೆ, ಹೋಗ್ಬನ್ನಿ" ಎಂದು ಪೂಜಾರಿ ಆ ಹೂವನ್ನು ನನ್ನ ಕೈಗೆ ಕೊಟ್ಟು, ಹಣೆಗೆ ವಿಭೂತಿ ಹಚ್ಚಿದ.

ಹೇಳಿಯೇ ಬಿಡುತ್ತೇನೆ ಎಂದುಕೊಂಡೇ ನಡೆದೆ. ಗುಡಿಯಿಂದ ಭಾವಮೈದುನನ ಮನೆಗೆ ಮುಕ್ಕಾಲು ಕಿಲೋಮೀಟರು, ನನ್ನ ನಡಿಗೆಗೆ ಹನ್ನೆರಡು ನಿಮಿಷ. ಮೊದಲ ಮಾತು ಏನು, ಅದಕ್ಕೆ ಅವನು ಏನೆನ್ನಬಹುದು ಎಂದು ಒಂದೊಂದು ಹೆಜ್ಜೆಗೂ ಹೊಂದಿಸಿಕೊಂಡೆ. ಬೇಲಿಯ ಹತ್ತಿರ ಬಂದಾಗ ಮೇಲೆ ಹತ್ತೂವರೆಯ ವಿಮಾನದ ಸದ್ದಾಯಿತು. ನಿಂತೆ. ಅದು ಹೋಗುವವರೆಗೂ ನಿಂತೆ. ಆಮೇಲೆ ಹೆಗಲ ಮೇಲಿನ ಟವೆಲ್ಲಿನಿಂದ ಹಣೆಯ ವಿಭೂತಿ ಒರೆಸಿಕೊಂಡೆ, ಹೂವನ್ನು ಬೇಲಿಯ ಸಂದಿಗೆ ಹಾಕಿದೆ.

ಅವನು ಅಂಗಳದಲ್ಲಿ ಕಾಫಿ ಬೀಜದ ಮೇಲೆ ಕೈಯಾಡಿಸುತ್ತಿದ್ದ. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಎಲ್ಲಿಗೆ ಹೋಗಿದ್ರಿ ಭಾವ, ಬೆಳಗ್ಗೆಯಿಂದ ಕಾಣ್ಲಿಲ್ಲ?"

"ಬೆಳಗೋಡಿಗೆ. ಸಂತೆಗೆ" ಎಂದೆ.

ಅವನು ನನ್ನ ಕೈ ನೋಡಿದ. "ಬರಿಗೈಲಿ ಬಂದಿದೀರಲ್ಲ."

"ಏನೂ ಸಿಗಲಿಲ್ಲ" ಎಂದೆ.